ಮ.ಸಾ.ಅ., ಲ.ಸಾ.ಅ.: ಯಾವ ಲೆಕ್ಕಕ್ಕೆ ಯಾವ ದಾರಿ?

"ಟೀಚರ್, ಮಹತ್ತಮ ಅಂದ್ರೆ ಎಲ್ಲಕ್ಕಿಂತ ದೊಡ್ಡದು ಅಲ್ವಾ? ಮತ್ತೆ ಮಹತ್ತಮದ ಉತ್ತರ ಚಿಕ್ಕದು, ಲಘುತ್ತಮದ ಉತ್ತರ ದೊಡ್ಡದು ಯಾಕೆ ಬರ್ತದೆ?"

ಕೊಡಗಿನ ಸಿದ್ದಾಪುರದ ಕಡೆಯ ಒಂದು ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲುಮನೆ) ಸಂಜೆ ಪಾಠಕ್ಕೆ ಬರುವ ಏಳನೇ ತರಗತಿಯ ಹುಡುಗಿ ಹೀಗೆ ಕೇಳಿದಾಗ ಹೊರಗೆ ಜುಲೈ ಮಳೆ ಜಡಿಯುತ್ತಿತ್ತು. ಕರೆಂಟ್ ಹೋಗಿ ಎರಡು ದಿನವಾಗಿತ್ತು. ಚಾರ್ಜರ್ ಲೈಟಿನ ಬೆಳಕಿನಲ್ಲಿ ಅವಳ ನೋಟ್ಸ್ ನೋಡಿದೆ. 18 ಮತ್ತು 24ರ ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) 72, ಲಘುತ್ತಮ ಸಾಮಾನ್ಯ ಅಪವರ್ತ್ಯ (ಲ.ಸಾ.ಅ.) 6 ಎಂದು ಬರೆದಿದ್ದಳು. ಭಾಗಾಕಾರ, ಗುಣಾಕಾರ ಎಲ್ಲೂ ತಪ್ಪಿರಲಿಲ್ಲ. ಹೆಸರು ಮಾತ್ರ ಅದಲುಬದಲಾಗಿತ್ತು.

ಇದನ್ನು ಮಗುವಿನ ಅಜಾಗ್ರತೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ನನ್ನ ಮುಂದೆ ಚಾಪೆ ಹಾಸಿ ಕೂರುವ ಮಕ್ಕಳ ಮನೆಮಾತು ಒಬ್ಬರದು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ತಮಿಳು, ಮಲಯಾಳಂ, ಯರವರ ಮಾತು. ಶಾಲೆಯ ಕನ್ನಡವೇ ಹಲವರಿಗೆ ಕಲಿತ ಭಾಷೆ. ಅಲ್ಲಿ ಅಪವರ್ತನ, ಅಪವರ್ತ್ಯ ಎಂಬ ಎರಡು ಶಬ್ದ ಒಟ್ಟಿಗೆ ಎದುರಾಗುತ್ತವೆ. ಬಾಲ ಬಿಟ್ಟರೆ ಎರಡೂ ಒಂದೇ. ಮ.ಸಾ.ಅ., ಲ.ಸಾ.ಅ. ಎಂದು ಚಿಕ್ಕದು ಮಾಡಿದಾಗ ಆ ಬಾಲವೂ ಕತ್ತರಿಸಿ ಹೋಗಿ, ಎರಡಕ್ಕೂ ಉಳಿಯುವುದು ಬರೀ ‘ಅ’. ಒಂದರ ‘ಅ’ ಅಪವರ್ತನ, ಇನ್ನೊಂದರ ‘ಅ’ ಅಪವರ್ತ್ಯ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ಎಲ್ಲಿಂದ ತಿಳಿಯಬೇಕು?

ನಾನು ಹೇಳಿಕೊಡುವುದು ಹೀಗೆ. ಒಂದು ಸಂಖ್ಯೆಯನ್ನು ಏನೂ ಉಳಿಯದಂತೆ ಭಾಗಿಸುವುದು ಅದರ ಅಪವರ್ತನ. ಒಂದು ಸಂಖ್ಯೆಯ ಮಗ್ಗಿಯಲ್ಲಿ ಬರುವುದು ಅದರ ಅಪವರ್ತ್ಯ. ಅಪವರ್ತನ ಸಂಖ್ಯೆಗಿಂತ ದೊಡ್ಡದಾಗಲು ಸಾಧ್ಯವೇ ಇಲ್ಲ, ಅದರಲ್ಲಿ ಎಷ್ಟೇ ‘ಮಹತ್ತಮ’ವನ್ನು ಹುಡುಕಿದರೂ ಸಂಖ್ಯೆಯೊಳಗೇ ಉಳಿಯಬೇಕು. ಮಗ್ಗಿ ಶುರುವಾಗುವುದೇ ಸಂಖ್ಯೆಯಿಂದ, ಅದರಲ್ಲಿ ಎಷ್ಟೇ ‘ಲಘುತ್ತಮ’ವನ್ನು ಹುಡುಕಿದರೂ ಸಂಖ್ಯೆಗಿಂತ ಕೆಳಗೆ ಇಳಿಯುವುದಿಲ್ಲ. ಹುಡುಗಿಯ ಪ್ರಶ್ನೆಗೆ ಉತ್ತರ ಅಷ್ಟೇ. 18ನ್ನೂ 24ನ್ನೂ ಭಾಗಿಸುವವುಗಳಲ್ಲಿ ದೊಡ್ಡದು 6. ಹದಿನೆಂಟರ ಮಗ್ಗಿ, ಇಪ್ಪತ್ನಾಲ್ಕರ ಮಗ್ಗಿ ಎರಡರಲ್ಲೂ ಮೊದಲು ಸಿಗುವುದು 72.

ಇವನ್ನು ಕಂಡುಹಿಡಿಯುವ ದಾರಿಗಳು ನಾಲ್ಕೈದಿವೆ. ಆರನೇ ತರಗತಿಯಲ್ಲಿ ಒಂದು, ಹತ್ತನೇ ತರಗತಿಯ ವಾಸ್ತವ ಸಂಖ್ಯೆಗಳ ಪಾಠದಲ್ಲಿ ಇನ್ನೊಂದು ಬರುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ತಾವು ಕಲಿತ ಮತ್ತೊಂದನ್ನು ತೋರಿಸುತ್ತಾರೆ. ಮಗುವಿಗೆ ಯಾವುದು ‘ಸರಿ’ ಎಂಬ ಭಯ. ಎಲ್ಲವೂ ಸರಿಯೇ. ಯಾವ ಸಂಖ್ಯೆ ಸಿಕ್ಕಿದಾಗ ಯಾವುದು ಹಗುರ ಎಂಬುದಷ್ಟೇ ಪ್ರಶ್ನೆ, ಅದನ್ನು ಸಂಖ್ಯೆಯ ಮುಖ ನೋಡಿ ತೀರ್ಮಾನಿಸಬೇಕು.

ಮೊದಲ ಆಯ್ಕೆ: ಕೇಳಿದ್ದು ಯಾವುದು?

ವಿಧಾನಕ್ಕಿಂತ ಮೊದಲು ಬರುವ ಆಯ್ಕೆ ಇದು, ಹೆಚ್ಚು ಅಂಕ ಹೋಗುವುದೂ ಇಲ್ಲೇ. ‘ಗರಿಷ್ಠ’ ಎಂದಿದ್ದರೆ ಮ.ಸಾ.ಅ. ಹಾಕು, ‘ಕನಿಷ್ಠ’ ಎಂದಿದ್ದರೆ ಲ.ಸಾ.ಅ. ಹಾಕು ಎಂದು ಶಬ್ದ ನೋಡಿ ತೀರ್ಮಾನಿಸಲು ಕಲಿಸುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಾರಣ ಒಂದೇ ಲೆಕ್ಕದಲ್ಲಿ ತೋರಿಸುತ್ತೇನೆ.

ಕಾಫಿ ಒಣಹಾಕುವ ಒಂದು ಕಣ. 84 ಅಡಿ ಉದ್ದ, 60 ಅಡಿ ಅಗಲ. ಬೇರೆ ಬೇರೆ ದಿನ ಕುಯ್ದ ಕಾಫಿ ಬೆರೆಯದಂತೆ ಕಣವನ್ನು ಒಂದೇ ಅಳತೆಯ ಚೌಕಗಳಾಗಿ ಭಾಗ ಮಾಡಬೇಕು, ಅಂಚಿನಲ್ಲಿ ತುಂಡು ಜಾಗ ಉಳಿಯಬಾರದು. ಕನಿಷ್ಠ ಎಷ್ಟು ಚೌಕ ಬೇಕು? ಪ್ರಶ್ನೆಯಲ್ಲಿ ಇರುವುದು ‘ಕನಿಷ್ಠ’. ಆದರೆ ಚೌಕ ಕಡಿಮೆ ಆಗಬೇಕಾದರೆ ಪ್ರತಿ ಚೌಕ ದೊಡ್ಡದಾಗಬೇಕು, ಅದರ ಬದಿ 84ನ್ನೂ 60ನ್ನೂ ಸಮವಾಗಿ ಭಾಗಿಸಬೇಕು. ಬೇಕಾದ್ದು ಮ.ಸಾ.ಅ., ಅಂದರೆ 12 ಅಡಿ. ಉದ್ದಕ್ಕೆ 7, ಅಗಲಕ್ಕೆ 5, ಒಟ್ಟು 35 ಚೌಕ.

ಈಗ ತಿರುಗಿಸಿ. 84 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಗೋಣಿಚೀಲಗಳಿವೆ. ಎಲ್ಲವನ್ನೂ ಒಂದೇ ದಿಕ್ಕಿಗೆ, ಒಂದರ ಪಕ್ಕ ಒಂದು ಹಾಸಿ ಸರಿಯಾದ ಚೌಕ ಮಾಡಬೇಕು. ಕನಿಷ್ಠ ಎಷ್ಟು ಚೀಲ ಬೇಕು? ಇಲ್ಲೂ ‘ಕನಿಷ್ಠ’. ಆದರೆ ಈ ಸಲ ಚೌಕದ ಬದಿ 84ರ ಮಗ್ಗಿಯಲ್ಲೂ 60ರ ಮಗ್ಗಿಯಲ್ಲೂ ಬರಬೇಕು. ಅದು ಲ.ಸಾ.ಅ., 420. ಉದ್ದದ ಕಡೆ 5 ಚೀಲ, ಅಗಲದ ಕಡೆ 7 ಚೀಲ, ಒಟ್ಟು 35.

ಎರಡಕ್ಕೂ 35 ಬಂದದ್ದನ್ನು ಕಂಡು ಮಕ್ಕಳು ಪ್ರತಿ ವರ್ಷವೂ ಬಾಯಿ ತೆರೆಯುತ್ತಾರೆ. ಅದು ಆಕಸ್ಮಿಕವಲ್ಲ. 84 ಅಂದರೆ 12ರ 7 ಪಾಲು, 60 ಅಂದರೆ 12ರ 5 ಪಾಲು. ಸಾಮಾನ್ಯವಾದ 12ನ್ನು ತೆಗೆದಿಟ್ಟರೆ ಕೈಯಲ್ಲಿ ಉಳಿಯುವುದು 7 ಮತ್ತು 5. ಕಣದಲ್ಲಿ ಅವು ಚೌಕಗಳ ಸಾಲಾದವು, ಗೋಣಿಚೀಲದಲ್ಲಿ ಅವೇ ಜಾಗ ಅದಲುಬದಲು ಮಾಡಿಕೊಂಡು ಚೀಲಗಳ ಸಾಲಾದವು. 12ನ್ನು 7 ಮತ್ತು 5ರಿಂದ ಗುಣಿಸಿದರೆ 420. ಮ.ಸಾ.ಅ.ಗೂ ಲ.ಸಾ.ಅ.ಗೂ ಇರುವ ನಂಟು ಪೂರ್ತಿ ಇಲ್ಲೇ ಇದೆ, ಮುಂದೆ ಹೇಳುವ ಏಣಿಯ ವಿಧಾನ ನಿಂತಿರುವುದೂ ಇದರ ಮೇಲೆ.

ಹಾಗಾಗಿ ಶಬ್ದ ಬಿಟ್ಟು ಮಗುವಿಗೆ ಹೀಗೆ ಕೇಳಿ: ಉತ್ತರ ಬಂದು ಈ ಸಂಖ್ಯೆಗಳ ಒಳಗೆ ಕೂರಬೇಕೋ, ಈ ಸಂಖ್ಯೆಗಳು ಹೋಗಿ ಉತ್ತರದೊಳಗೆ ಕೂರಬೇಕೋ? 96 ಕಿತ್ತಳೆ, 72 ಬಾಳೆಹಣ್ಣನ್ನು ಮಿಗದಂತೆ ಒಂದೇ ತರಹದ ಬುಟ್ಟಿಗಳಿಗೆ ತುಂಬುವುದು ಹಂಚಿಕೆ. ಬುಟ್ಟಿಗಳ ಲೆಕ್ಕ 96ರ ಒಳಗೂ 72ರ ಒಳಗೂ ಕೂರಬೇಕು. ಅತಿ ಹೆಚ್ಚೆಂದರೆ 24 ಬುಟ್ಟಿ, ಒಂದೊಂದರಲ್ಲಿ 4 ಕಿತ್ತಳೆ, 3 ಬಾಳೆಹಣ್ಣು. 18 ನಿಮಿಷಕ್ಕೊಂದು, 24 ನಿಮಿಷಕ್ಕೊಂದು ಹೊರಡುವ ಎರಡು ಬಸ್ಸು ಮತ್ತೆ ಯಾವಾಗ ಒಟ್ಟಿಗೆ ಹೊರಡುತ್ತವೆ ಎಂಬುದು ಮರುಭೇಟಿ. 18 ಮತ್ತು 24 ಆ ಸಮಯದೊಳಗೆ ಕೂರಬೇಕು. ಉತ್ತರ 72 ನಿಮಿಷ.

ಪಟ್ಟಿ ಬರೆಯುವುದು

ಎಲ್ಲರೂ ಮೊದಲು ಕಲಿಯುವುದು ಇದನ್ನೇ. 18ರ ಅಪವರ್ತನಗಳು 1, 2, 3, 6, 9, 18. 24ರವು 1, 2, 3, 4, 6, 8, 12, 24. ಎರಡರಲ್ಲೂ ಇರುವವುಗಳಲ್ಲಿ ದೊಡ್ಡದು 6. ಪದದ ಅರ್ಥವೇ ವಿಧಾನವಾಗಿರುವುದರಿಂದ ಕಲಿಕೆಯ ಮೊದಲ ವಾರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಆದರೆ ಎರಡೂ ಪಟ್ಟಿ ಪೂರ್ತಿ ಬರೆಯುವ ಅಗತ್ಯವಿಲ್ಲ. ಮ.ಸಾ.ಅ. ಬೇಕಾದರೆ ಚಿಕ್ಕ ಸಂಖ್ಯೆಯ ಅಪವರ್ತನಗಳನ್ನು ಮಾತ್ರ ಬರೆದು, ದೊಡ್ಡ ತುದಿಯಿಂದ ಒಂದೊಂದಾಗಿ ಪರೀಕ್ಷಿಸಿ. 18 ಇಪ್ಪತ್ನಾಲ್ಕನ್ನು ಭಾಗಿಸುತ್ತದೆಯೇ? ಇಲ್ಲ. 9? ಇಲ್ಲ. 6? ಹೌದು, ಅಲ್ಲಿಗೆ ಮುಗಿಯಿತು. ಲ.ಸಾ.ಅ. ಬೇಕಾದರೆ ದೊಡ್ಡ ಸಂಖ್ಯೆಯ ಮಗ್ಗಿ ಮಾತ್ರ ಹೇಳುತ್ತಾ ಹೋಗಿ. 24ನ್ನು 18 ಭಾಗಿಸುವುದಿಲ್ಲ, 48ನ್ನೂ ಇಲ್ಲ, 72ನ್ನು ಭಾಗಿಸುತ್ತದೆ. ಮೂರೇ ಹೆಜ್ಜೆ.

ಸುಮಾರು 50ರೊಳಗಿನ ಸಂಖ್ಯೆಗಳಿಗೆ ನಾನು ಈಗಲೂ ಬಾಯಿಯಲ್ಲಿ ಮಾಡುವುದು ಹೀಗೆಯೇ. ಆದರೆ 35 ಮತ್ತು 48ರ ಲ.ಸಾ.ಅ. ಕೇಳಿದರೆ 48ರ ಮಗ್ಗಿಯನ್ನು 35 ಸಲ ಹೇಳಬೇಕಾಗುತ್ತದೆ, ಉತ್ತರ 1,680. ಅಲ್ಲಿ ಪಟ್ಟಿಗೆ ಅಂಟಿಕೊಂಡರೆ ಮಗು ಸೋಲುತ್ತದೆ, ಗಣಿತವೇ ತನಗಲ್ಲ ಎಂದುಕೊಳ್ಳುತ್ತದೆ.

ಇನ್ನೊಂದು ಎಚ್ಚರ. 35 ಮತ್ತು 48ಕ್ಕೆ ಸಾಮಾನ್ಯವಾದದ್ದು ಏನೂ ಕಾಣದಿದ್ದಾಗ ಮ.ಸಾ.ಅ. 0 ಎಂದು ಬರೆಯುವ ಮಕ್ಕಳು ಬಹಳ. ಒಂದು ಎಲ್ಲ ಸಂಖ್ಯೆಯನ್ನೂ ಭಾಗಿಸುತ್ತದೆ, ಆದ್ದರಿಂದ ಮ.ಸಾ.ಅ. 1. ಇಂಥ ಜೋಡಿಯನ್ನೇ ಸಹ ಅವಿಭಾಜ್ಯ ಸಂಖ್ಯೆಗಳು ಎನ್ನುವುದು.

ಅವಿಭಾಜ್ಯಗಳಾಗಿ ಒಡೆಯುವುದು

1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ 2, 3, 5ರಂಥ ಸಂಖ್ಯೆಗಳೇ ಅವಿಭಾಜ್ಯಗಳು. 72 ಮತ್ತು 120 ತೆಗೆದುಕೊಳ್ಳಿ. 72 ಅಂದರೆ ಮೂರು 2, ಎರಡು 3 ಗುಣಿಸಿದ್ದು. 120 ಅಂದರೆ ಮೂರು 2, ಒಂದು 3, ಒಂದು 5. ಎರಡರಲ್ಲೂ ಇರುವಷ್ಟನ್ನೇ ತೆಗೆದುಕೊಂಡರೆ ಮೂರು 2, ಒಂದು 3. ಅದು 24, ಮ.ಸಾ.ಅ. ಪ್ರತಿ ಅವಿಭಾಜ್ಯವೂ ಯಾವುದರಲ್ಲಿ ಹೆಚ್ಚು ಸಲ ಇದೆಯೋ ಅಷ್ಟು ತೆಗೆದುಕೊಂಡರೆ ಮೂರು 2, ಎರಡು 3, ಒಂದು 5. ಅದು 360, ಲ.ಸಾ.ಅ.

ಲ.ಸಾ.ಅ.ಗೆ ಎರಡು ಕಡೆಯದನ್ನೂ ಸೇರಿಸಿ ಗುಣಿಸಿಬಿಡುವುದು ಇಲ್ಲಿ ಆಗುವ ತಪ್ಪು. ಹಾಗೆ ಮಾಡಿದರೆ 8,640 ಬರುತ್ತದೆ. ಅದು ಎರಡೂ ಮಗ್ಗಿಯಲ್ಲಿ ಬರುವ ಸಂಖ್ಯೆ ಹೌದು, ಮೊದಲು ಸಿಗುವುದಲ್ಲ.

ಕೊಂಬೆ ಒಡೆಯುವ ಅಪವರ್ತನ ವೃಕ್ಷದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಂದು ಸಂಖ್ಯೆ ಎಲ್ಲಿಂದ ಒಡೆಯಲು ಶುರುಮಾಡಿದರೂ ಕೊನೆಗೆ ಅದೇ ಅವಿಭಾಜ್ಯಗಳಿಗೇ ಬಂದು ನಿಲ್ಲುತ್ತದೆ ಎಂಬುದನ್ನು ಕಣ್ಣಿಗೆ ಕಾಣಿಸಲು ಅದು ಒಳ್ಳೆಯ ಸಾಧನ. 72ನ್ನು 8 ಮತ್ತು 9 ಎಂದು ಒಡೆದರೂ, 6 ಮತ್ತು 12 ಎಂದು ಒಡೆದರೂ ಬುಡದಲ್ಲಿ ಸಿಗುವುದು ಒಂದೇ. ಹತ್ತನೇ ತರಗತಿಯಲ್ಲಿ ಇದೇ ಅಂಕಗಣಿತದ ಮೂಲ ಪ್ರಮೇಯವಾಗಿ ಬರುತ್ತದೆ. ಆದರೆ ಪ್ರತಿ ಲೆಕ್ಕಕ್ಕೂ ಮರ ಬಿಡಿಸುತ್ತಾ ಕೂತರೆ ಪುಟ ತುಂಬುತ್ತದೆ, ನಡುವೆ ಒಂದು 2 ತಪ್ಪಿಹೋಗುತ್ತದೆ. ನನ್ನ ಮಕ್ಕಳಿಗೆ ಹತ್ತು ಮರ ಬಿಡಿಸಿದ ಮೇಲೆ ಮರ ಸಾಕು ಎನ್ನುತ್ತೇನೆ.

ಈ ವಿಧಾನವನ್ನು ಬಿಡುವಂತಿಲ್ಲ, ಕಾರಣ ಬೀಜಗಣಿತ. ತಿಳಿಯದ ಸಂಖ್ಯೆಗಳನ್ನು ಕ, ಖ ಎಂದಿಟ್ಟುಕೊಳ್ಳಿ. 12ಕ²ಖ ಮತ್ತು 18ಕಖ³ — ಇವುಗಳ ಮ.ಸಾ.ಅ. ಕೇಳಿದಾಗ ಪಟ್ಟಿಯೂ ಇಲ್ಲ, ಮಗ್ಗಿಯೂ ಇಲ್ಲ. ಎರಡರಲ್ಲೂ ಇರುವಷ್ಟು ತೆಗೆದರೆ 6ಕಖ, ಹೆಚ್ಚು ಇರುವಷ್ಟು ತೆಗೆದರೆ 36ಕ²ಖ³. ಅವಿಭಾಜ್ಯಗಳಿಗೆ ಕಲಿತ ನಿಯಮವೇ ಅಕ್ಷರಗಳಿಗೂ ನಡೆಯುತ್ತದೆ. 12ಕ + 18 ಎಂಬುದನ್ನು 6(2ಕ + 3) ಎಂದು ಬರೆಯುವಾಗ ಹೊರಗೆ ಬಂದ 6 ಇದೇ ಮ.ಸಾ.ಅ. ಎಂಟನೇ ತರಗತಿಗೆ ಹೋಗುವ ಮಗುವಿಗೆ ಉಳಿದ ಯಾವುದು ಮರೆತರೂ ಇದು ಕೈಯಲ್ಲಿರಬೇಕು.

ಏಣಿ

ದಿನನಿತ್ಯದ ಲೆಕ್ಕಕ್ಕೆ ಒಂದನ್ನೇ ಆರಿಸು ಎಂದರೆ ನಾನು ಆರಿಸುವುದು ಇದನ್ನು. ಸಂಖ್ಯೆಗಳನ್ನು ಅಕ್ಕಪಕ್ಕ ಬರೆದು, ಎಲ್ಲವನ್ನೂ ಭಾಗಿಸುವ ಸಂಖ್ಯೆಯನ್ನು ಎಡಕ್ಕೆ ಹಾಕಿ, ಭಾಗಲಬ್ಧಗಳನ್ನು ಕೆಳಗೆ ಇಳಿಸುವುದು. 84, 60 ಬರೆದು 2ರಿಂದ ಭಾಗಿಸಿದರೆ 42, 30. ಮತ್ತೆ 2ರಿಂದ 21, 15. 3ರಿಂದ 7, 5. ಇನ್ನು ಸಾಮಾನ್ಯವಾದದ್ದಿಲ್ಲ. ಎಡಗಡೆಯ 2, 2, 3 ಗುಣಿಸಿದರೆ 12, ಮ.ಸಾ.ಅ. ಎಡಗಡೆಯದನ್ನೂ ಕೆಳಗೆ ಉಳಿದ 7, 5ನ್ನೂ ಸೇರಿಸಿ ಗುಣಿಸಿದರೆ 420, ಲ.ಸಾ.ಅ. ಒಂದೇ ಚಿತ್ರದಲ್ಲಿ ಎರಡೂ ಉತ್ತರ. ಕಣದ ಚೌಕಗಳಾಗಿ, ಗೋಣಿಚೀಲಗಳಾಗಿ ಕಂಡ ಆ 7 ಮತ್ತು 5 ಏಣಿಯ ಬುಡದಲ್ಲಿ ಕೂತಿರುವುದನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಿ.

ಅವಿಭಾಜ್ಯದಿಂದಲೇ ಭಾಗಿಸಬೇಕೆಂದೇನೂ ಇಲ್ಲ. ಎರಡೇ ಸಂಖ್ಯೆಯಿದ್ದು 12 ಎಂದು ಕಂಡರೆ ನೇರ 12ರಿಂದಲೇ ಭಾಗಿಸಬಹುದು.

ಮೂರು ಸಂಖ್ಯೆ ಬಂದಾಗ ಮಾತ್ರ ಜಾಗ್ರತೆ. 48, 60, 72. 2ರಿಂದ 24, 30, 36. ಮತ್ತೆ 2ರಿಂದ 12, 15, 18. 3ರಿಂದ 4, 5, 6. ಮೂರನ್ನೂ ಭಾಗಿಸುವುದು ಇನ್ನಿಲ್ಲ, ಮ.ಸಾ.ಅ. ಇಲ್ಲಿಗೆ ನಿಂತಿತು: 12. ಆದರೆ 4 ಮತ್ತು 6ಕ್ಕೆ ಇನ್ನೂ 2 ಸಾಮಾನ್ಯ. ಲ.ಸಾ.ಅ.ಗೆ ಅದನ್ನೂ ತೆಗೆಯಬೇಕು, 5ನ್ನು ಹಾಗೇ ಕೆಳಗಿಳಿಸಬೇಕು. 2, 5, 3 ಉಳಿಯುತ್ತದೆ. ಎಲ್ಲ ಗುಣಿಸಿದರೆ 720. ಆ ಕೊನೆಯ 2ನ್ನು ಮ.ಸಾ.ಅ.ಗೂ ಸೇರಿಸಿ 24 ಎಂದು ಬರೆದವರಿಗೆ 60ನ್ನು 24ರಿಂದ ಭಾಗಿಸಿ ತೋರಿಸಲು ಹೇಳಿ, ತಾವೇ ಹಿಂದೆ ಬರುತ್ತಾರೆ. ಮ.ಸಾ.ಅ.ಯ ಗೆರೆಯನ್ನು ಬೇರೆ ಬಣ್ಣದ ಪೆನ್ನಿನಿಂದ ಎಳೆಯಲು ನಾನು ಹೇಳುತ್ತೇನೆ. ಆ ಗೆರೆಯ ಮೇಲಿನದು ಮ.ಸಾ.ಅ.ಗೆ, ಕೆಳಗಿನದು ಲ.ಸಾ.ಅ.ಗೆ ಮಾತ್ರ.

ಏಣಿಯಲ್ಲಿ ಕಾಲು ಜಾರುವುದು 7, 13, 17ರ ಹತ್ತಿರ. 2, 3, 5ಕ್ಕೆ ಭಾಜ್ಯತೆಯ ನಿಯಮ ಬಾಯಿಪಾಠ ಇರುತ್ತದೆ, ಅದಾದ ಮೇಲೆ ಕೈ ನಿಲ್ಲುತ್ತದೆ. 91 ನೋಡಿದರೆ ಅವಿಭಾಜ್ಯದಂತೆ ಕಾಣುತ್ತದೆ, ಆದರೆ ಅದು 7 ಮತ್ತು 13ರ ಗುಣಲಬ್ಧ. 51, 57, 87 ಕೂಡ ಹಾಗೆಯೇ ಮೋಸ ಮಾಡುತ್ತವೆ, ಮೂರೂ 3ರಿಂದ ಭಾಗವಾಗುತ್ತವೆ. 91 ಮತ್ತು 117 ಕೊಟ್ಟರೆ ಹಲವರು ‘ಸಾಮಾನ್ಯವಾದದ್ದು ಇಲ್ಲ’ ಎಂದು 1 ಬರೆದುಬಿಡುತ್ತಾರೆ.

ಆಗ ಮಾಡಬೇಕಾದ್ದು ಒಂದೇ, ಕಳೆಯಿರಿ. 117ರಲ್ಲಿ 91 ಕಳೆದರೆ 26. ಎರಡನ್ನೂ ಭಾಗಿಸುವ ಯಾವುದೇ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು. 26ನ್ನು ಭಾಗಿಸುವುದು 1, 2, 13, 26 ಮಾತ್ರ. 91 ಬೆಸ ಸಂಖ್ಯೆ, 2 ಮತ್ತು 26 ಹೋದವು. 13 ಪರೀಕ್ಷಿಸಿದರೆ ಸಿಕ್ಕಿತು. ಇಷ್ಟು ಚಿಕ್ಕ ಉಪಾಯವನ್ನು ಎಷ್ಟೋ ಮಕ್ಕಳು ಹತ್ತನೇ ತರಗತಿ ಮುಗಿಸಿದರೂ ಕಂಡಿರುವುದಿಲ್ಲ. ನನಗೆ ಅದು ಸಂಕಟದ ವಿಷಯ.

ಪಕ್ಕಪಕ್ಕದ ಸಂಖ್ಯೆಗಳು, 27 ಮತ್ತು 28ರಂತಹವು, ಯಾವಾಗಲೂ ಸಹ ಅವಿಭಾಜ್ಯಗಳು ಎಂಬುದೂ ಇದರಿಂದಲೇ ತಿಳಿಯುತ್ತದೆ. ವ್ಯತ್ಯಾಸ 1 ಆದ ಮೇಲೆ ಅದನ್ನು ಭಾಗಿಸುವುದು ಇನ್ನೇನು?

ಯೂಕ್ಲಿಡ್‌ನ ದಾರಿ

ಕಳೆಯುವ ಆ ಉಪಾಯವನ್ನೇ ಕೊನೆಯವರೆಗೂ ಮುಂದುವರಿಸಿದರೆ ಅದು ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ವಿಧಾನ. ಕ್ರಿಸ್ತಪೂರ್ವ 300ರ ಸುಮಾರಿಗೆ ಬರೆದ ಅವನ ಗ್ರಂಥದ ಏಳನೆಯ ಭಾಗ ಶುರುವಾಗುವುದೇ ಇದರಿಂದ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಚಿಕ್ಕದನ್ನು ಶೇಷದಿಂದ ಭಾಗಿಸಿ, ಆ ಶೇಷವನ್ನು ಹೊಸ ಶೇಷದಿಂದ ಭಾಗಿಸಿ. ಶೇಷ 0 ಬಂದ ಭಾಗಾಕಾರದ ಭಾಜಕವೇ ಮ.ಸಾ.ಅ.

ಇದನ್ನು ಹಲಗೆಯ ಮೇಲೆ ಹೇಳಿದಾಗ ಆ ಹುಡುಗಿಗೆ ಹತ್ತಲಿಲ್ಲ. ಮಳೆಗಾಲ ಕಳೆದು, ಕೊಯ್ಲು ಶುರುವಾಗುವ ಮೊದಲು ಪಕ್ಕದ ಮನೆಯ ಖಾಲಿ ಕಣಕ್ಕೆ ಎಲ್ಲರನ್ನೂ ಕರೆದುಕೊಂಡು ಹೋದೆ. ಸಿಮೆಂಟಿನ ಮೇಲೆ ಸೀಮೆಸುಣ್ಣದಿಂದ 84 ಇಂಚು ಉದ್ದ, 60 ಇಂಚು ಅಗಲದ ಆಯತ ಬರೆದೆವು. "ಇದರೊಳಗೆ ಹಿಡಿಯುವ ದೊಡ್ಡ ಚೌಕ ಬರಿ" ಎಂದೆ. 60 ಇಂಚಿನ ಚೌಕ ಬರೆದಳು. ಪಕ್ಕದಲ್ಲಿ 24 ಇಂಚು ಅಗಲದ ಪಟ್ಟಿ ಉಳಿಯಿತು. "ಈಗ ಉಳಿದದ್ದರೊಳಗೆ ದೊಡ್ಡ ಚೌಕ." 24 ಇಂಚಿನವು ಎರಡು ಹಿಡಿದವು, 24ಕ್ಕೆ 12ರ ತುಂಡು ಉಳಿಯಿತು. ಅದರಲ್ಲಿ 12 ಇಂಚಿನ ಎರಡು ಚೌಕ ಕೂತವು, ಏನೂ ಉಳಿಯಲಿಲ್ಲ. ಅವಳು ಸೀಮೆಸುಣ್ಣ ಹಿಡಿದುಕೊಂಡೇ ಸ್ವಲ್ಪ ಹೊತ್ತು ನೋಡಿದಳು. "ಟೀಚರ್, ಈ ಚಿಕ್ಕ ಚೌಕ 24ರದ್ದರೊಳಗೂ ಸರಿಯಾಗಿ ಕೂರ್ತದೆ, 60ರದ್ದರೊಳಗೂ ಕೂರ್ತದೆ. ಹಾಗಾದ್ರೆ ಇಡೀ ಕಣಕ್ಕೆ ಕೂರ್ತದೆ." ಯೂಕ್ಲಿಡ್‌ನ ರುಜುವಾತಿನ ಒಂದು ಅರ್ಧವನ್ನು ಅವಳೇ ಹೇಳಿದ್ದಳು. ಅದಕ್ಕಿಂತ ದೊಡ್ಡ ಚೌಕ ಯಾಕೆ ಕೂರುವುದಿಲ್ಲ ಎಂಬ ಇನ್ನೊಂದು ಅರ್ಧ, ಆ ಕಳೆಯುವ ಮಾತೇ: ಎರಡು ಬದಿಗಳನ್ನೂ ಭಾಗಿಸುವುದು ಪ್ರತಿ ಸಲ ಉಳಿದ ಪಟ್ಟಿಯನ್ನೂ ಭಾಗಿಸಲೇಬೇಕು, ಕೊನೆಗೆ 12ನ್ನೂ ಭಾಗಿಸಲೇಬೇಕು.

ಈ ದಾರಿಯ ಬಲ ಗೊತ್ತಾಗುವುದು ಸಂಖ್ಯೆಗಳು ಒರಟಾದಾಗ. 1,147 ಮತ್ತು 899. ಒಡೆಯಲು ಹೋದರೆ 2, 3, 5, 7, 11, 13 ಎಂದು ಒಂದೊಂದೇ ಹಾಕಿ ಹಾಕಿ ಸುಸ್ತು. ಯೂಕ್ಲಿಡ್‌ನ ದಾರಿಯಲ್ಲಿ ಶೇಷಗಳು 248, 155, 93, 62, 31, ಆಮೇಲೆ 0. ಆರು ಭಾಗಾಕಾರದಲ್ಲಿ ಮ.ಸಾ.ಅ. 31 ಸಿಕ್ಕಿತು. ಚಿಕ್ಕ ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಐದು ಪಟ್ಟಿಗಿಂತ ಹೆಚ್ಚು ಹೆಜ್ಜೆ ಎಂದೂ ಬೇಕಾಗುವುದಿಲ್ಲ ಎಂದು 1844ರಲ್ಲಿ ಫ್ರಾನ್ಸಿನ ಗೇಬ್ರಿಯಲ್ ಲಾಮೆ ಸಾಧಿಸಿ ತೋರಿಸಿದ. ಮೂರಂಕಿಗೆ ಹೆಚ್ಚೆಂದರೆ ಹದಿನೈದು. ಇಂಥ ಭರವಸೆ ಇಲ್ಲಿ ಹೇಳಿದ ಬೇರೆ ಯಾವ ವಿಧಾನವೂ ಕೊಡುವುದಿಲ್ಲ.

ಇದು ಲ.ಸಾ.ಅ.ಯನ್ನು ನೇರ ಕೊಡುವುದಿಲ್ಲ, ಮೂರು ಸಂಖ್ಯೆಗಿದ್ದರೆ ಎರಡೆರಡಾಗಿ ಮಾಡಬೇಕು. ಆದರೂ ಇದನ್ನು ಹೈಸ್ಕೂಲಿನವರೆಗೆ ಕಾಯಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಳೆಯಲು, ಭಾಗಿಸಲು ಬಂದರೆ ಸಾಕು, ಆರನೇ ತರಗತಿಯ ಮಗುವೂ ಮಾಡುತ್ತದೆ.

ಗುಣಲಬ್ಧದ ಸೂತ್ರ

ಎರಡು ಸಂಖ್ಯೆಗಳ ಗುಣಲಬ್ಧವನ್ನು ಮ.ಸಾ.ಅ.ಯಿಂದ ಭಾಗಿಸಿದರೆ ಲ.ಸಾ.ಅ. ಯೂಕ್ಲಿಡ್‌ನ ದಾರಿ ಹಿಡಿದವರಿಗೆ ಇದು ಬೇಕೇ ಬೇಕು. ಒಂದು ಕಿವಿಮಾತು: ಮೊದಲು ಗುಣಿಸಬೇಡಿ, ಭಾಗಿಸಿ. 899ನ್ನು 31ರಿಂದ ಭಾಗಿಸಿದರೆ 29, ಅದನ್ನು 1,147ರಿಂದ ಗುಣಿಸಿದರೆ 33,263. ಏಳಂಕಿಯ ಗುಣಲಬ್ಧ ಬರೆದು ಆಮೇಲೆ ಭಾಗಿಸುವ ಕಷ್ಟ ತಪ್ಪಿತು.

ಈ ಸೂತ್ರ ಎರಡು ಸಂಖ್ಯೆಗೆ ಮಾತ್ರ. 4, 6, 10ಕ್ಕೆ ಹಾಕಿ ನೋಡಿ. ಗುಣಲಬ್ಧ 240, ಮ.ಸಾ.ಅ. 2, ಭಾಗಿಸಿದರೆ 120. ನಿಜವಾದ ಲ.ಸಾ.ಅ. 60.

ಭಿನ್ನರಾಶಿಯಲ್ಲೂ ಇದೇ ಆಯ್ಕೆ ಎದುರಾಗುತ್ತದೆ. 5/12 ಮತ್ತು 7/18 ಕೂಡಿಸುವಾಗ ಛೇದಗಳನ್ನು ಸುಮ್ಮನೆ ಗುಣಿಸಿ 216 ಮಾಡಿಕೊಂಡರೆ 174/216 ಬರುತ್ತದೆ, ಆಮೇಲೆ 6ರಿಂದ ಭಾಗಿಸಿ 29/36ಕ್ಕೆ ಇಳಿಸಬೇಕು. ಮೊದಲೇ ಲ.ಸಾ.ಅ. 36 ಹಿಡಿದರೆ 15/36, 14/36, ಕೂಡಿದರೆ 29/36. ಮೊದಲು ಶ್ರಮಪಟ್ಟರೆ ಲ.ಸಾ.ಅ., ಕೊನೆಯಲ್ಲಿ ಶ್ರಮಪಟ್ಟರೆ ಮ.ಸಾ.ಅ. ಈ ಶ್ರಮ ಉಳಿಸುವ ಯೋಚನೆ ನಮ್ಮ ನೆಲದಲ್ಲೇ ಹಿಂದೆ ಆಗಿತ್ತು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಭಿನ್ನರಾಶಿ ಕೂಡಿಸಲು ಲ.ಸಾ.ಅ.ಯನ್ನು ಬಳಸಿದರು, ಅದನ್ನು ‘ನಿರುದ್ಧ’ ಎಂದು ಕರೆದರು. ಅಪವರ್ತ್ಯ ಎಂಬ ಶಬ್ದಕ್ಕೆ ಹೆದರುವ ಮಕ್ಕಳಿಗೆ ನಾನು ಈ ಹೆಸರು ಹೇಳುತ್ತೇನೆ. ಸಾವಿರ ವರ್ಷಕ್ಕೂ ಹಿಂದಿನವರು ಕುಳಿತು ಮಾಡಿದ ಲೆಕ್ಕವನ್ನೇ ತಾವೂ ಮಾಡುತ್ತಿದ್ದೇವೆ ಎಂದರೆ ಅವರ ಬೆನ್ನು ನೆಟ್ಟಗಾಗುತ್ತದೆ.

ಒಟ್ಟಿಗೆ ಶುರುವಾಗದಿದ್ದರೆ

ಬಸ್ಸಿನ ಲೆಕ್ಕ, ಗಂಟೆಯ ಲೆಕ್ಕ ಎಲ್ಲದರಲ್ಲೂ ಪಾಠದಲ್ಲಿ ಒಂದು ಮಾತು ಸೇರಿರುತ್ತದೆ: ಈಗ ಎರಡೂ ಒಟ್ಟಿಗೆ ಹೊರಟವು. ಆ ಮಾತು ತೆಗೆದರೆ ಏನಾಗುತ್ತದೆ?

ಮೀನಿನ ಗಾಡಿ ನಮ್ಮ ರಸ್ತೆಗೆ 4 ದಿನಕ್ಕೊಮ್ಮೆ, ಗ್ಯಾಸಿನ ಗಾಡಿ 6 ದಿನಕ್ಕೊಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿ. ಇವತ್ತು ಎರಡೂ ಬಂದಿದ್ದರೆ 12 ದಿನಕ್ಕೆ ಮತ್ತೆ ಒಟ್ಟಿಗೆ ಬರುತ್ತವೆ. ಆದರೆ ಮೀನು ಇವತ್ತು, ಗ್ಯಾಸು ನಾಳೆ ಬಂದರೆ? ಇವತ್ತನ್ನು 0 ಎಂದು ಎಣಿಸಿದರೆ ಮೀನು 0, 4, 8, 12ನೇ ದಿನ, ಗ್ಯಾಸು 1, 7, 13ನೇ ದಿನ. ಒಂದು ಯಾವಾಗಲೂ ಸಮ, ಇನ್ನೊಂದು ಯಾವಾಗಲೂ ಬೆಸ. ಅವು ಎಂದೆಂದಿಗೂ ಭೇಟಿಯಾಗುವುದಿಲ್ಲ. ಗ್ಯಾಸು 2 ದಿನ ತಡವಾಗಿ ಶುರುವಾದರೆ 2, 8, 14. ಎಂಟನೇ ದಿನ ಭೇಟಿ, ಅಲ್ಲಿಂದ 12 ದಿನಕ್ಕೊಮ್ಮೆ. ನಿಯಮ ಇಷ್ಟು: ಶುರುವಿನ ಅಂತರವನ್ನು ಮ.ಸಾ.ಅ. ಭಾಗಿಸಿದರೆ ಮಾತ್ರ ಭೇಟಿ. ಭೇಟಿ ಆಗುತ್ತದೋ ಇಲ್ಲವೋ ಎಂದು ಹೇಳುವುದು ಮ.ಸಾ.ಅ., ಆದ ಮೇಲೆ ಎಷ್ಟು ದಿನಕ್ಕೊಮ್ಮೆ ಎಂದು ಹೇಳುವುದು ಲ.ಸಾ.ಅ.

ಶನಿವಾರಸಂತೆಯ ಸಂತೆ 7 ದಿನಕ್ಕೊಮ್ಮೆ. 4 ದಿನಕ್ಕೊಮ್ಮೆ ಬರುವ ಮೀನಿನ ಗಾಡಿ ಯಾವ ದಿನ ಶುರುಮಾಡಿದರೂ 28 ದಿನದೊಳಗೆ ಒಂದು ಶನಿವಾರ ಬಂದೇ ಬರುತ್ತದೆ. 4 ಮತ್ತು 7ರ ಮ.ಸಾ.ಅ. 1, ಅದು ಭಾಗಿಸದ ಅಂತರವೇ ಇಲ್ಲ. ಅದೇ ಮುನ್ನಾರಿನ ನೀಲಕುರಿಂಜಿ ನೋಡಿ. 12 ವರ್ಷಕ್ಕೊಮ್ಮೆ, 2006ರಲ್ಲಿ ಅರಳಿತು, 2018ರಲ್ಲಿ ಅರಳಿತು. ಭಾಗಮಂಡಲದಲ್ಲಿ ಜನ ಮಿಂದ ಕಾವೇರಿ ಪುಷ್ಕರವೂ ಹನ್ನೆರಡು ವರ್ಷಕ್ಕೊಮ್ಮೆ ಎನ್ನುವ ಲೆಕ್ಕ, ಅದು 2017ರಲ್ಲಿ. ಎರಡೂ ಕರಾರುವಾಕ್ಕಾಗಿ 12 ವರ್ಷದ್ದೇ ಆಗಿದ್ದರೆ ಒಂದು ವರ್ಷದ ಆ ಅಂತರ ಎಂದೂ ಮುಚ್ಚುತ್ತಿರಲಿಲ್ಲ. ಪುಷ್ಕರವನ್ನು ಎಣಿಸುವುದು ಗುರುಗ್ರಹದ ಸುತ್ತಿನಿಂದ, ಆ ಸುತ್ತು 12 ವರ್ಷಕ್ಕಿಂತ ಸ್ವಲ್ಪ ಕಡಿಮೆ, ಅದರಿಂದ ಪುಷ್ಕರ ನಿಧಾನವಾಗಿ ಹಿಂದೆ ಸರಿಯುತ್ತದೆ, ಅದು ಬೇರೆ ಮಾತು.

ಶುರು ಬೇರೆ ಬೇರೆ ಇರುವ ಇಂಥ ಲೆಕ್ಕ ಬಿಡಿಸಲು 499ರಲ್ಲಿ ಆರ್ಯಭಟ ಕೊಟ್ಟ ವಿಧಾನಕ್ಕೆ ‘ಕುಟ್ಟಕ’ ಎಂದು ಹೆಸರು, ಅಂದರೆ ಕುಟ್ಟಿ ಪುಡಿ ಮಾಡುವುದು. ದೊಡ್ಡ ಸಂಖ್ಯೆಯನ್ನು ಶೇಷಗಳಿಂದ ಮತ್ತೆ ಮತ್ತೆ ಭಾಗಿಸಿ ಚಿಕ್ಕದು ಮಾಡುತ್ತಾ ಹೋಗುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಂಡಿಲ್ಲ.

ಮನೆಯಲ್ಲಿ ಮಗುವನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸುವವರಿಗೆ ನಾಲ್ಕು ಲೆಕ್ಕ ಕೊಡುತ್ತೇನೆ. ಪೆನ್ನು ಮುಟ್ಟುವ ಮೊದಲು ಯಾವ ದಾರಿ ಹಿಡಿಯುತ್ತೇನೆ ಎಂದು ಮಗು ಬಾಯಲ್ಲಿ ಹೇಳಲಿ. 15 ಮತ್ತು 45: ಒಂದನ್ನು ಇನ್ನೊಂದು ಭಾಗಿಸುತ್ತದೆ, ವಿಧಾನವೇ ಬೇಡ, ಮ.ಸಾ.ಅ. 15, ಲ.ಸಾ.ಅ. 45. 27 ಮತ್ತು 28: ಪಕ್ಕಪಕ್ಕದವು, ಮ.ಸಾ.ಅ. 1, ಲ.ಸಾ.ಅ. ನೇರ ಗುಣಲಬ್ಧ 756. 42, 70, 105: ಏಣಿ ಅಥವಾ ಅವಿಭಾಜ್ಯ, ಮ.ಸಾ.ಅ. 7, ಲ.ಸಾ.ಅ. 210. ನಾಲ್ಕನೆಯದು 323 ಮತ್ತು 391. ಮಗು 2, 3, 5, 7 ಎಂದು ಹಾಕಿ ನೋಡಿ, ಏನೂ ಸಿಗದೆ ನಿಮ್ಮ ಮುಖ ನೋಡುತ್ತದೆ. ಉತ್ತರ ಹೇಳಬೇಡಿ, "ಕಳೆದು ನೋಡು" ಎನ್ನಿ. 68 ಬರುತ್ತದೆ, ಅಲ್ಲಿಂದ 17 ದೂರವಿಲ್ಲ.